ಹ್ಯಾವ್‌ಲಾಕ್‌ಗೆ ಸ್ಕೂಬಾ ಸಾಮಾನು: ಹೆಚ್ಚುವರಿಯಾಗಿ ಏನೇನು ಇಟ್ಟುಕೊಳ್ಳಬೇಕು?

ಬಸವನಗುಡಿ ಮೀನು ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯಲ್ಲಿ ನಾನು ಮತ್ತು ನಮ್ಮ ಯಜಮಾನರು ಅಂಡಮಾನಿನ ಹ್ಯಾವ್‌ಲಾಕ್‌ಗೆ ಹೊರಟಿದ್ದೇವೆ. ಬೆಂಗಳೂರಿಂದ ಪೋರ್ಟ್ ಬ್ಲೇರ್‌ಗೆ ನೇರ ಫ್ಲೈಟ್, ಅಲ್ಲಿಂದ ಫೆರಿ. ಇದುವರೆಗೆ ಮುರುಡೇಶ್ವರಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗಿ, ನೇತ್ರಾಣಿ ದ್ವೀಪದಲ್ಲಿ ಡೈವ್ ಅಂಗಡಿಯವರು ಕೊಟ್ಟದ್ದನ್ನೇ ಹಾಕಿಕೊಂಡು ಇಳಿಯುತ್ತಿದ್ದೆವು. ಈಗ ಮೊದಲ ಸಲ ಸ್ವಂತ ಸಾಮಾನು ಕೊಂಡಿದ್ದೇವೆ. ಇಬ್ಬರಿಗೂ ಮಾಸ್ಕ್, ಫಿನ್ಸ್ (ಕಾಲಿಗೆ ಹಾಕುವ ರೆಕ್ಕೆ), ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ), ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕ ಇಡುವ ಸಾಧನ). ಬಿಸಿಡಿ (ನೀರಿನಲ್ಲಿ ತೇಲುವುದನ್ನು ಹೊಂದಿಸುವ ಜಾಕೆಟ್) ಮತ್ತು ಸೂಟ್ ಅಲ್ಲೇ ಬಾಡಿಗೆಗೆ.

ತಲೆನೋವು ಇರುವುದು ಸ್ಪೇರ್ ವಿಷಯದಲ್ಲಿ. ನಮ್ಮ ಯಜಮಾನರು ಇಂಟರ್‌ನೆಟ್‌ನಲ್ಲಿ ಸಿಕ್ಕ ಪಟ್ಟಿಯನ್ನೆಲ್ಲ ಓದಿ ಊಟದ ಟೇಬಲ್ ಮೇಲೆ ಒಂದು ಅಂಗಡಿಯನ್ನೇ ಹರಡಿದ್ದಾರೆ. ಎರಡನೇ ಮಾಸ್ಕ್, ಎರಡನೇ ಕಂಪ್ಯೂಟರ್, ಒಂದು ಪೂರ್ತಿ ಸೆಕೆಂಡ್ ಸ್ಟೇಜ್ (ರೆಗ್ಯುಲೇಟರಿನಲ್ಲಿ ಬಾಯಿಗೆ ಹಿಡಿಯುವ ಭಾಗ), ಹೋಸ್, ಸ್ಪ್ಯಾನರ್ ಸೆಟ್, ಎಲ್ಲಾ ಸೈಜಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ತುಂಬಿದ ಡಬ್ಬ. ನಾವು ಈಗ ಎರಡು ದಿನದಿಂದ ಸೋಫಾದಲ್ಲಿ ಕೂತು ಊಟ ಮಾಡುತ್ತಿದ್ದೇವೆ. "ಮನೆ ಖಾಲಿ ಮಾಡ್ತಿದ್ದೀರೇನೋ" ಅಂತ ನಮ್ಮ ಅತ್ತೆ ಕೇಳಿಯೂ ಆಯಿತು.

ಚೆಕ್-ಇನ್ ತಲಾ 15 ಕೆಜಿ, ಕೈಚೀಲ 7 ಕೆಜಿ. ಫಿನ್ಸ್ ಹಾಕಿದರೆ ಅರ್ಧ ಬ್ಯಾಗ್ ಮುಗಿಯಿತು. ಹೀಗಿರುವಾಗ ನಿಜವಾಗಿ ಯಾವುದು ಬೇಕು, ಯಾವುದು ಸುಮ್ನೆ ಭಾರ? ಇನ್ನೂ ಎರಡು ವಿಷಯ. ನನಗೆ ಎಡಗಣ್ಣು ಮೈನಸ್ 4.5, ಬಲಗಣ್ಣು ಮೈನಸ್ 5, ಸ್ವಲ್ಪ ಸಿಲಿಂಡರ್ ಪವರ್ ಕೂಡ ಇದೆ. ಮಾಸ್ಕಿಗೆ ಪವರ್ ಗ್ಲಾಸ್ ಹಾಕಿಸಿದ್ದೇನೆ. ಮತ್ತೆ, ನಮ್ಮ ಎರಡೂ ರೆಗ್ಯುಲೇಟರ್ ಡಿನ್, ಅಂದರೆ ಸಿಲಿಂಡರ್ ವಾಲ್ವಿನೊಳಗೆ ತಿರುಗಿಸಿ ಕೂರಿಸುವಂಥದ್ದು. ನೇತ್ರಾಣಿಯಲ್ಲಿ ನಾವು ಬಳಸಿದ್ದು ಯೋಕ್, ಅಂದರೆ ವಾಲ್ವಿನ ಮೇಲೆ ಕ್ಲ್ಯಾಂಪಿನ ಹಾಗೆ ಬಿಗಿಯುವಂಥದ್ದು. ಇದರಿಂದ ತೊಂದರೆ ಆಗುತ್ತದಾ?

ಸುಮ್ನಿರಪ್ಪ:

ಇಷ್ಟೆಲ್ಲಾ ಯಾಕೆ ಮೇಡಂ? ಅಲ್ಲಿ ಡೈವ್ ಅಂಗಡಿಯವರ ಹತ್ತಿರ ಎಲ್ಲಾ ಇರುತ್ತದೆ. ಮಾಸ್ಕ್, ಕಂಪ್ಯೂಟರ್, ಚಡ್ಡಿ ತಗೊಂಡು ಹೋಗಿ. ಉಳಿದ ಜಾಗಕ್ಕೆ ಚಕ್ಕುಲಿ.

ಪೀಣ್ಯ ಫಿಟ್ಟರ್:

ಮೇಲಿನವರು ಹೇಳಿದ್ದು ಅರ್ಧ ಸರಿ. ಚಕ್ಕುಲಿಗೆ ನನ್ನ ವಿರೋಧ ಇಲ್ಲ.

ನನ್ನ ಕೆಲಸ ಪೀಣ್ಯದಲ್ಲಿ ಹೈಡ್ರಾಲಿಕ್ ಸಿಲಿಂಡರ್ ರಿಪೇರಿ. ದಿನ ಬೆಳಗಾದರೆ ಓ-ರಿಂಗ್ ಮುಖವೇ ನೋಡುವುದು. ಡೈವಿಂಗ್ ಹಿಡಿದದ್ದು ತಡವಾಗಿ, ಮಗಳ ಒತ್ತಾಯಕ್ಕೆ. ಆದ್ದರಿಂದ ನನ್ನ ಉತ್ತರ ಸ್ವಲ್ಪ ವರ್ಕ್‌ಶಾಪ್ ಕಡೆಯಿಂದಲೇ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು ಎರಡು ಪ್ರಶ್ನೆ ಕೇಳುತ್ತೇನೆ. ಇದು ಕೆಟ್ಟರೆ ದೋಣಿಯ ಮೇಲೆ ಐದು ನಿಮಿಷದಲ್ಲಿ ನಾನೇ ಬದಲಾಯಿಸಬಹುದಾ? ಇದು ಅಂಗಡಿಯವರ ಹತ್ತಿರ ನನ್ನ ಮೈಗೆ ಸರಿಹೋಗುವ ಹಾಗೆ ಸಿಗುವುದಿಲ್ಲವಾ? ಎರಡರಲ್ಲಿ ಒಂದಕ್ಕಾದರೂ ಹೌದು ಅನ್ನಿಸಿದರೆ ಬ್ಯಾಗಿಗೆ ಹಾಕಿ. ಎರಡಕ್ಕೂ ಇಲ್ಲ ಅಂದರೆ ಅದು ಬೆಂಗಳೂರಲ್ಲೇ ಇರಲಿ.

ಹೀಗೆ ನೋಡಿದರೆ ಸೆಕೆಂಡ್ ಸ್ಟೇಜ್ ಹೊರಗೆ. ನಿಮ್ಮದು ಕೈಕೊಟ್ಟರೆ ಆ ದಿನಕ್ಕೆ ಅಂಗಡಿಯ ರೆಗ್ಯುಲೇಟರ್ ಬಾಡಿಗೆಗೆ ತಗೊಳ್ಳಿ. ಹೊಸದನ್ನು ಸಿಕ್ಕಿಸಿದರೆ ಮುಗಿಯುವುದಿಲ್ಲ, ಫಸ್ಟ್ ಸ್ಟೇಜಿನಿಂದ (ಸಿಲಿಂಡರಿಗೆ ಕೂರುವ ಭಾಗ) ಬರುವ ಒತ್ತಡಕ್ಕೆ ಅದನ್ನು ಹೊಂದಿಸಿ ನೋಡಬೇಕು. ಆ ಒತ್ತಡ ಸಾಮಾನ್ಯವಾಗಿ 9ರಿಂದ 10 ಬಾರ್. ಅದು ನಿಧಾನವಾಗಿ ಏರುತ್ತಾ ಹೋಗುತ್ತಿದ್ದರೆ ದೋಷ ಇರುವುದು ಫಸ್ಟ್ ಸ್ಟೇಜ್ ಒಳಗೆ. ಅದನ್ನು ದೋಣಿಯ ಮೇಲೆ ಬಿಚ್ಚುವವರನ್ನು ಕಂಡರೆ ನಾನು ಬೇರೆ ದೋಣಿ ಹತ್ತುತ್ತೇನೆ. ಹಾಗಾಗಿ ಸ್ಪ್ಯಾನರ್ ಸೆಟ್ಟೂ ಹೊರಗೆ. ಒಂದು ಸಣ್ಣ ಅಡ್ಜಸ್ಟಬಲ್ ಸ್ಪ್ಯಾನರ್, ಒಂದು ಅಲೆನ್ ಕೀ ಸೆಟ್, ಒಂದು ಸೈಡ್ ಕಟರ್ ಸಾಕು.

ಹೋಸ್ ಕೂಡ ಬೇಡ, ಆದರೆ ಹೊರಡುವ ಮುಂಚೆ ನೋಡಿ. ಎರಡೂ ತುದಿಯಲ್ಲಿ ರಬ್ಬರ್ ಕವಚ ಸರಿಸಿ, ಹೋಸ್ ಬಾಗಿಸಿ, ಬಿರುಕು ಇದೆಯಾ ಅಂತ. ಹೋಸ್ ಸಾಮಾನ್ಯವಾಗಿ ಸೀಳುವುದು ಆ ಕವಚದ ಕೆಳಗೇ. ಇಲ್ಲೊಂದು ತಮಾಷೆ ಇದೆ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜಿಗೆ ಹೋಗುವ ಹೈ ಪ್ರೆಶರ್ ಹೋಸ್ ಒಡೆದರೆ ಸದ್ದು ಭಯಂಕರ, ಆದರೆ ಗಾಳಿ ನಿಧಾನವಾಗಿ ಹೋಗುತ್ತದೆ. ಅದರ ಬುಡದಲ್ಲಿ ಸೂಜಿ ಮೊನೆಯಷ್ಟು ತೂತು ಮಾತ್ರ ಇರುವುದು. ಲೋ ಪ್ರೆಶರ್ ಹೋಸ್ ಒಡೆದರೆ ಸಿಲಿಂಡರ್ ಬಹಳ ಬೇಗ ಖಾಲಿ. ಹೆಸರು ಕೇಳಿ ಎಲ್ಲರೂ ತಿರುಗಾಮುರುಗಾ ಹೆದರುತ್ತಾರೆ.

ಈಗ ನನ್ನ ಪ್ರೀತಿಯ ವಿಷಯ, ಓ-ರಿಂಗ್.

ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಇರುತ್ತದೆ. ನಮ್ಮ ವರ್ಕ್‌ಶಾಪಿನ ಪ್ರೆಸ್ಸಿಗೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ತಡೆದು ಹಿಡಿಯುವುದು ಬೆರಳಿಗೂ ಏರದ ಒಂದು ರಬ್ಬರ್ ಬಳೆ. ಯೋಕ್ ವಾಲ್ವಿಗೆ ಸಾಮಾನ್ಯವಾಗಿ ಬರುವುದು 014 ನಂಬರಿನದು. ಒಳ ಅಳತೆ 12.42 ಮಿಮೀ, ದಪ್ಪ 1.78 ಮಿಮೀ. ನಿಮ್ಮದು ಡಿನ್ ಆದ್ದರಿಂದ ಆ ರಿಂಗ್ ಸಿಲಿಂಡರಿನಲ್ಲಿ ಅಲ್ಲ, ನಿಮ್ಮ ರೆಗ್ಯುಲೇಟರ್ ಮೂತಿಯಲ್ಲೇ ಇರುತ್ತದೆ. ಅಂದರೆ ಅದನ್ನು ನೋಡಿಕೊಳ್ಳುವ ಜವಾಬ್ದಾರಿ ನಿಮ್ಮದು. ಸೈಜ್ ರೆಗ್ಯುಲೇಟರ್ ಪುಸ್ತಕದಲ್ಲಿ ನೋಡಿ, ನಾಲ್ಕು ತಗೊಳ್ಳಿ. ಎಲ್ಲಾ ಸೈಜಿನ ದೊಡ್ಡ ಡಬ್ಬ ಬೇಡವೇ ಬೇಡ. ಅದರಲ್ಲಿ ಮುಕ್ಕಾಲು ಭಾಗ ನಲ್ಲಿ ರಿಪೇರಿಗೆ ಆಗುತ್ತದೆ, ಮನೆಯಲ್ಲಿರಲಿ. ಡಿನ್ ಮೂತಿಯದು, ಸೆಕೆಂಡ್ ಸ್ಟೇಜ್ ಹೋಸಿನ ತುದಿಯದು, ಗೇಜ್ ತಿರುಗುವ ಜಾಗದ ಪುಟಾಣಿ ಜೋಡಿ, ಟಾರ್ಚಿನದು. ಇಷ್ಟೇ. ಒಂದು ಹಳೇ ಮಾತ್ರೆ ಡಬ್ಬಿಯಲ್ಲಿ ಹಿಡಿಸುತ್ತದೆ. ಗೇಜಿನ ಹತ್ತಿರ ಸಣ್ಣ ಗುಳ್ಳೆ ಬರುವುದು ಬಹಳ ಸಾಮಾನ್ಯ, ಅದಕ್ಕೆ ಆ ಪುಟಾಣಿಗಳು.

ಬಿಚ್ಚುವಾಗ ಪಿನ್ನು, ಸೂಜಿ, ಚಾಕು ತುದಿ ಹಾಕಬೇಡಿ. ರಿಂಗ್ ಹರಿದರೆ ಹೋಗಲಿ, ಅದು ಕೂರುವ ಕಚ್ಚಿನ ಮೇಲೆ ಗೀರು ಬಿದ್ದರೆ ಎಷ್ಟು ಹೊಸ ರಿಂಗ್ ಹಾಕಿದರೂ ಸೋರುತ್ತದೆ. ಹಲ್ಲುಕಡ್ಡಿ ಸಾಕು. ಎರಡು ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ರಿಂಗ್ ಉಬ್ಬಿ ಮೇಲೆ ಬರುತ್ತದೆ, ಆಗ ಕಡ್ಡಿ ತೂರಿಸಿ.

ಗ್ರೀಸ್ ಅಂದರೆ ಸಿಲಿಕೋನ್ ಗ್ರೀಸ್ ಮಾತ್ರ. ವ್ಯಾಸಲೀನ್, ಬೈಕಿನ ಗ್ರೀಸ್, ಡಬ್ಲ್ಯೂಡಿ-40 ಯಾವುದೂ ಬೇಡ. ನೈಟ್ರಾಕ್ಸ್ (ಆಮ್ಲಜನಕ ಜಾಸ್ತಿ ಇರುವ ಗಾಳಿ) ಇರುವ ಕಡೆ ಪೆಟ್ರೋಲಿಯಂ ಎಣ್ಣೆ ಬೆಂಕಿಯ ಅಪಾಯ. ಶೇಕಡಾ 40ಕ್ಕಿಂತ ಜಾಸ್ತಿ ಆಮ್ಲಜನಕಕ್ಕೆ ಸಿಲಿಕೋನ್ ಗ್ರೀಸೂ ಆಗುವುದಿಲ್ಲ, ಅದಕ್ಕೆ ಬೇರೆಯದೇ ಇದೆ. ಆದರೆ ರಜೆಗೆ ಹೋಗುವ ನಮಗೆ ಆ ಮಾತು ಬರುವುದಿಲ್ಲ. ಹಚ್ಚುವುದು ರಿಂಗ್ ಹೊಳೆಯುವಷ್ಟು ಮಾತ್ರ. ಜಾಸ್ತಿ ಹಚ್ಚಿದರೆ ಮರಳು ಬಂದು ಅಂಟುತ್ತದೆ, ಅಷ್ಟೇ ಲಾಭ. ಕ್ಯಾಮೆರಾ ಕೇಸ್ ಇದ್ದರೆ ಅದರ ಕಂಪನಿ ಹೇಳಿದ ಗ್ರೀಸನ್ನೇ ಹಚ್ಚಿ. ಕೆಲವು ಕೇಸಿನಲ್ಲಿ ರಿಂಗೇ ಸಿಲಿಕೋನಿನದು, ಸಿಲಿಕೋನ್ ಗ್ರೀಸ್ ಹಚ್ಚಿದರೆ ಊದಿಕೊಳ್ಳುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ರೆಗ್ಯುಲೇಟರಿನ ಮೌತ್‌ಪೀಸ್ ಒಂದು, ಕೇಬಲ್ ಟೈ ಹತ್ತು. ಹಲ್ಲು ಕಚ್ಚಿ ಕಚ್ಚಿ ಮೌತ್‌ಪೀಸ್ ಹರಿಯುತ್ತದೆ, ನೀರಿನೊಳಗೆ ಕಳಚಿ ಬಂದರೆ ಬಾಯಲ್ಲಿ ರಬ್ಬರ್ ಮಾತ್ರ ಉಳಿಯುತ್ತದೆ. ಮಾಸ್ಕ್ ಪಟ್ಟಿ ಒಂದು. ಫಿನ್ಸಿಗೆ ರಬ್ಬರ್ ಪಟ್ಟಿ ಇದ್ದರೆ ಒಂದು ಸ್ಪೇರ್, ಸ್ಟೀಲ್ ಸ್ಪ್ರಿಂಗ್ ಪಟ್ಟಿ ಇದ್ದರೆ ಬೇಡ. ಮಾಸ್ಕಂತೂ ನಿಮಗೆ ಎರಡು ಬೇಕೇ ಬೇಕು, ಅದರ ಬಗ್ಗೆ ಕಣ್ಣಿನ ಪವರ್ ಇರುವವರು ಯಾರಾದರೂ ಹೇಳಲಿ. ಎರಡನೇ ಕಂಪ್ಯೂಟರ್ ಇಬ್ಬರಿಗೂ ಸೇರಿ ಒಂದೂ ಬೇಡ. ಒಬ್ಬರದ್ದು ಹೋದರೆ ಅವರಿಗೆ ಬಾಡಿಗೆಯದು. ಗಂಡ ಹೆಂಡತಿ ಒಂದೇ ಕಂಪ್ಯೂಟರ್ ನೋಡಿಕೊಂಡು ಇಳಿಯುವ ಐಡಿಯಾ ಮಾತ್ರ ಬೇಡ, ಇಬ್ಬರ ಆಳವೂ ಒಂದೇ ಇರುವುದಿಲ್ಲ.

ಹೊನ್ನಾವರದ ಹುಡುಗ:

ನಾನು ಹ್ಯಾವ್‌ಲಾಕಿನಲ್ಲೇ ಇನ್‌ಸ್ಟ್ರಕ್ಟರ್. ಫಿಟ್ಟರ್ ಅಣ್ಣ ಹೇಳಿದ್ದಕ್ಕೆ ನಮ್ಮ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಅಕ್ಕ, ಮೊದಲು ಡಿನ್ ವಿಷಯ. ನೀವು ಬುಕ್ ಮಾಡಿದ ಅಂಗಡಿಗೆ ಇವತ್ತೇ ಮೆಸೇಜ್ ಹಾಕಿ, ಸಿಲಿಂಡರ್ ವಾಲ್ವಿನ ಫೋಟೋ ಕೇಳಿ. ವಾಲ್ವಿನ ಬಾಯೊಳಗೆ ಷಡ್ಭುಜಾಕಾರದ ತೂತು ಇರುವ ಒಂದು ತುಂಡು ಕಂಡರೆ ಅದು ಬಿಚ್ಚಿ ತೆಗೆಯುವ ಇನ್ಸರ್ಟ್. ದಪ್ಪ ಅಲೆನ್ ಕೀ ಹಾಕಿ ತೆಗೆದರೆ ನಿಮ್ಮ ಡಿನ್ ನೇರ ಕೂರುತ್ತದೆ. ಆ ತುಂಡು ಇಲ್ಲದೆ ಯೋಕ್ ಮಾತ್ರ ಹಿಡಿಸುವ ವಾಲ್ವ್ ಆದರೆ ನಿಮಗೆ ಡಿನ್‌ನಿಂದ ಯೋಕ್‌ಗೆ ಅಡಾಪ್ಟರ್ ಬೇಕು. ಅಡಾಪ್ಟರ್ ಇಲ್ಲದೆ ಬಂದರೆ ಹೊಸ ರೆಗ್ಯುಲೇಟರ್ ರೂಮಿನಲ್ಲಿ ಮಲಗಿರುತ್ತದೆ, ನೀವು ನಮ್ಮದನ್ನು ಕಚ್ಚಿಕೊಂಡು ಇಳಿಯುತ್ತೀರಿ. ನನ್ನನ್ನು ಕೇಳಿದರೆ, ಫೋಟೋ ಏನೇ ಬರಲಿ, ಇಬ್ಬರಿಗೂ ಒಂದೊಂದು ಅಡಾಪ್ಟರ್ ತನ್ನಿ. ದೋಣಿಯಲ್ಲಿ ಎಲ್ಲಾ ಸಿಲಿಂಡರ್ ಒಂದೇ ತರಹ ಇರುತ್ತದೆ ಅಂತ ನಂಬಬೇಡಿ.

ದೋಣಿಯಲ್ಲಿ ಟೂಲ್ ಬಾಕ್ಸ್ ಇರುತ್ತದೆ. ಅಡ್ಜಸ್ಟಬಲ್ ಸ್ಪ್ಯಾನರ್, ಕಟರ್, ಸಿಲಿಂಡರ್ ಓ-ರಿಂಗ್ ನಮ್ಮ ಹತ್ತಿರ ಇವೆ. ಫಿಟ್ಟರ್ ಅಣ್ಣನ ಆ ಮೂರು ಟೂಲೂ ನನ್ನ ಲೆಕ್ಕದಲ್ಲಿ ಬೇಡ. ನಮ್ಮಲ್ಲಿ ಇಲ್ಲದ್ದು ನಿಮ್ಮ ಬ್ರಾಂಡಿನ ಫಿನ್ ಪಟ್ಟಿಯ ಬಕಲ್, ನಿಮ್ಮ ಕಂಪ್ಯೂಟರಿನ ಬ್ಯಾಟರಿ ಮುಚ್ಚಳ, ನಿಮ್ಮ ಮಾಸ್ಕಿನ ಕ್ಲಿಪ್. ಪ್ಲಾಸ್ಟಿಕ್ ಬಕಲ್ ಮೇಲೆ ಸಿಲಿಂಡರ್ ಬಿದ್ದರೆ ಕಥೆ ಮುಗಿಯಿತು, ಅದು ದೋಣಿಯಲ್ಲಿ ಆಗುತ್ತಲೇ ಇರುತ್ತದೆ. ಇಲ್ಲಿ ದ್ವೀಪದಲ್ಲಿ ಆ ಪಾರ್ಟ್ ಹುಡುಕಿಕೊಂಡು ಓಡಾಡುವುದಕ್ಕಿಂತ ಬೀಚಿನಲ್ಲಿ ಕೂತಿರುವುದು ವಾಸಿ.

ಬ್ಯಾಟರಿ ಬಗ್ಗೆ ಯಾರೂ ಹೇಳಲಿಲ್ಲ. ಕಂಪ್ಯೂಟರಿನ ಬ್ಯಾಟರಿಯನ್ನು ಬೆಂಗಳೂರಲ್ಲೇ ಹೊಸದು ಹಾಕಿಸಿಕೊಂಡು ಬನ್ನಿ. ಇಲ್ಲಿ ಎರಡು ಡೈವ್ ನಡುವೆ ಬದಲಾಯಿಸಬೇಡಿ. ಬ್ಯಾಟರಿ ತೆಗೆದ ತಕ್ಷಣ, ಡೈವಿನಲ್ಲಿ ಮೈಗೆ ಸೇರಿದ ನೈಟ್ರೋಜನ್ ಲೆಕ್ಕ ಮರೆತುಬಿಡುವ ಕಂಪ್ಯೂಟರ್‌ಗಳು ಬಹಳ ಇವೆ. ಬೆಳಿಗ್ಗೆ ನೀವು 28 ಮೀಟರಿಗೆ ಹೋಗಿ ಬಂದಿರುತ್ತೀರಿ, ಅದು ನೀವು ಈಗಷ್ಟೇ ಮನೆಯಿಂದ ಬಂದವರು ಅಂದುಕೊಂಡು ಸಮಯ ಕೊಡುತ್ತದೆ. ಚಾರ್ಜ್ ಮಾಡುವ ಕಂಪ್ಯೂಟರ್ ಆದರೆ ಸ್ಪೇರ್ ಕೇಬಲ್ ತನ್ನಿ. ಅದು ಮೊಬೈಲ್ ಕೇಬಲ್ ಅಲ್ಲ, ಆ ಮಾಡೆಲ್‌ಗೇ ಬೇರೆ ಕ್ಲಿಪ್. ಹೋಟೆಲಲ್ಲಿ ಕೇಬಲ್ ಬಿಟ್ಟು ಬಂದವರನ್ನು ಪ್ರತಿ ಸೀಸನ್ನಿಗೂ ನೋಡುತ್ತೇನೆ.

ಇನ್ನೊಂದು. ಫೆರಿ ಟಿಕೆಟಿನಲ್ಲಿ ಸ್ವರಾಜ್ ದ್ವೀಪ, ಶ್ರೀ ವಿಜಯ ಪುರಂ ಅಂತ ಇದ್ದರೆ ಗಾಬರಿ ಬೇಡ. ಮೊದಲನೆಯದು 2018ರಲ್ಲಿ ಹ್ಯಾವ್‌ಲಾಕ್‌ಗೆ, ಎರಡನೆಯದು 2024ರಲ್ಲಿ ಪೋರ್ಟ್ ಬ್ಲೇರ್‌ಗೆ ಇಟ್ಟ ಹೆಸರು.

ಪೀಣ್ಯ ಫಿಟ್ಟರ್:

ಹೊನ್ನಾವರದ ಹುಡುಗ ಬ್ಯಾಟರಿ ವಿಷಯ ಚೆನ್ನಾಗಿ ಹೇಳಿದರು. ಟೂಲ್ ವಿಷಯದಲ್ಲಿ ಒಪ್ಪುವುದಿಲ್ಲ. ದೋಣಿಯ ಸ್ಪ್ಯಾನರ್ ಉಪ್ಪುನೀರು ಕುಡಿದು ತುಕ್ಕು ಹಿಡಿದಿರುತ್ತದೆ, ಬೇಕಾದಾಗ ಡ್ರೈವರ್ ಅದನ್ನು ಎಂಜಿನ್ ಹತ್ತಿರ ಒಯ್ದಿರುತ್ತಾನೆ. ನನ್ನದು ನನ್ನ ಹತ್ತಿರ ಇರಲಿ.

ಬ್ಯಾಟರಿ ಮುಚ್ಚಳ ಹಾಕಿದ ಮೇಲೆ ಮನೆಯಲ್ಲೇ ಬಕೆಟ್ಟಿನಲ್ಲಿ ಒಂದು ಗಂಟೆ ಮುಳುಗಿಸಿಡಿ. 30 ಮೀಟರ್ ಆಳದ ಒತ್ತಡ ಬಕೆಟ್ಟಿನಲ್ಲಿ ಎಲ್ಲಿ ಬರುತ್ತದೆ ಅಂತ ನಗಬೇಡಿ. ಸರಿಯಾಗಿ ಕೂರದ ಓ-ರಿಂಗ್ ಹೆಚ್ಚಾಗಿ ಸೋರುವುದು ಒತ್ತಡ ಕಡಿಮೆ ಇರುವಾಗಲೇ. ಆಳಕ್ಕೆ ಹೋದ ಹಾಗೆ ನೀರೇ ಅದನ್ನು ಮೂಲೆಗೆ ಒತ್ತಿ ಹಿಡಿಯುತ್ತದೆ. ಬಕೆಟ್ಟಿನಲ್ಲಿ ಪಾಸಾದರೆ ಎಲ್ಲಾ ಸರಿ ಅಂತಲ್ಲ. ಆದರೆ ಕೂದಲು ಸಿಕ್ಕಿಕೊಂಡಿದ್ದರೆ, ರಿಂಗ್ ತಿರುಚಿದ್ದರೆ ಬಕೆಟ್ಟಿನಲ್ಲೇ ಗೊತ್ತಾಗುವ ಸಾಧ್ಯತೆ ಜಾಸ್ತಿ.

ಸೋಡಾಗ್ಲಾಸ್ ಸೋಮಣ್ಣ:

ಕಣ್ಣಿನ ಪವರ್ ಇರುವವರು ಬಂದಿದ್ದೇನೆ. ನನಗೆ ಮೈನಸ್ 6.

ಮೇಡಂ, ನಿಮ್ಮ ಲಗೇಜಿನಲ್ಲಿ ಅತಿ ಮುಖ್ಯವಾದ ಸ್ಪೇರ್ ಅಂದರೆ ಎರಡನೇ ಪವರ್ ಮಾಸ್ಕ್. ಉಳಿದದ್ದೆಲ್ಲ ಅದರ ನಂತರ. ಮಾಸ್ಕ್ ದೋಣಿಯಿಂದ ಬೀಳುತ್ತದೆ, ಯಾರೋ ತುಳಿಯುತ್ತಾರೆ, ಯಾರೋ ತಮ್ಮದೇ ಅಂತ ಹಾಕಿಕೊಂಡು ಹೋಗುತ್ತಾರೆ. ಅಂಗಡಿಯಲ್ಲಿ ಮಾಸ್ಕ್ ನೂರು ಇರಬಹುದು, ನಿಮ್ಮ ಪವರಿನದು ಇರುವುದಿಲ್ಲ. ಮೈನಸ್ 5 ಇಟ್ಟುಕೊಂಡು ಮಾಮೂಲಿ ಮಾಸ್ಕಿನಲ್ಲಿ ಗೇಜ್ ಹೇಗೋ ಓದಬಹುದು. ಹತ್ತು ಮೀಟರ್ ಆಚೆ ಇರುವ ಗೈಡ್ ಯಾರು, ಬೇರೆ ಗುಂಪಿನವರು ಯಾರು ಅಂತ ಗೊತ್ತಾಗುವುದಿಲ್ಲ.

ಎರಡನೆಯದಕ್ಕೆ ಅಳತೆ ಮಾಡಿಸಿದ ಗ್ಲಾಸ್ ಬೇಕಿಲ್ಲ. ಕೆಲವು ಮಾಸ್ಕ್ ಮಾಡೆಲ್‌ಗಳಿಗೆ ಅರ್ಧರ್ಧ ಪವರ್ ಅಂತರದಲ್ಲಿ ರೆಡಿಮೇಡ್ ಗ್ಲಾಸ್ ಸಿಗುತ್ತದೆ, ಎಡಕ್ಕೂ ಬಲಕ್ಕೂ ಬೇರೆ ಬೇರೆ. ಅದರಲ್ಲಿ ಸಿಲಿಂಡರ್ ಪವರ್ ಇರುವುದಿಲ್ಲ. ಸಿಲಿಂಡರ್ ಪವರಿನ ಅರ್ಧವನ್ನು ಮುಖ್ಯ ಪವರಿಗೆ ಸೇರಿಸಿ ಹತ್ತಿರದ್ದನ್ನು ಆರಿಸುವುದು ರೂಢಿ. ನಿಮ್ಮ ಕಣ್ಣಿನ ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ನೀರಿನೊಳಗೆ ವಸ್ತು ಹೇಗೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಕಾಲು ಪವರ್ ಕಡಿಮೆಯಾದರೂ ನಡೆಯುತ್ತದೆ. ಇನ್ನೂ ಅಗ್ಗದ ದಾರಿ ಅಂದರೆ ದಿನಕ್ಕೊಂದು ಬಿಸಾಡುವ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್. ರೂಢಿ ಇದ್ದರೆ ಕೆಲವು ಜೊತೆ ಇಟ್ಟುಕೊಳ್ಳಿ, ಯಾವ ಮಾಸ್ಕ್ ಆದರೂ ಆಗುತ್ತದೆ. ಗಟ್ಟಿ ಲೆನ್ಸ್ ಬೇಡ, ಅದರ ಕೆಳಗೆ ಗುಳ್ಳೆ ಸಿಕ್ಕಿಕೊಳ್ಳಬಹುದು.

ಎಲ್ಲರೂ ಮರೆಯುವ ಮಾತು: ಸ್ಪೇರ್ ಮಾಸ್ಕನ್ನು ಡಬ್ಬ ಒಡೆಯದೆ ಒಯ್ಯಬೇಡಿ. ಹೊಸ ಗ್ಲಾಸಿನ ಒಳಗೆ ಕಾರ್ಖಾನೆಯ ತೆಳು ಪದರ ಇರುತ್ತದೆ, ಎಷ್ಟು ಉಗುಳಿದರೂ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ, ಒಂದೆರಡು ಸಲ. ಗ್ಲಾಸಿಗೆ ಕೋಟಿಂಗ್ ಇದೆ ಅಂತ ಡಬ್ಬದ ಮೇಲೆ ಬರೆದಿದ್ದರೆ ಮಾತ್ರ ಉಜ್ಜಬೇಡಿ. ಹಾಗೇ ಒಂದು ದಿನ ಯಾವುದಾದರೂ ಸ್ವಿಮ್ಮಿಂಗ್ ಪೂಲಿನಲ್ಲಿ ಹಾಕಿ ನೋಡಿ, ಮೂಗಿನ ಹತ್ತಿರ ನೀರು ಬರುತ್ತದಾ ಅಂತ. ಪಾರದರ್ಶಕ ಸಿಲಿಕೋನಿನ ಮಾಸ್ಕ್ ಆದರೆ ಕಪ್ಪು ರಬ್ಬರ್ ಸಾಮಾನಿಗೆ ಅಂಟಿಸಿ ಇಡಬೇಡಿ, ಬಣ್ಣ ಹೀರುತ್ತದೆ.

ಬಸವನಗುಡಿ ಮೀನು:

ಅಬ್ಬಾ, ಎಲ್ಲರಿಗೂ ಥ್ಯಾಂಕ್ಸ್. ಸೆಕೆಂಡ್ ಸ್ಟೇಜ್ ಬೇಡ ಅಂತ ಪೀಣ್ಯದವರು ಬರೆದದ್ದನ್ನು ಯಜಮಾನರಿಗೆ ಜೋರಾಗಿ ಓದಿ ಹೇಳಿದೆ. ಮುಖ ಸಣ್ಣದಾಯಿತು. ಎರಡನೇ ಕಂಪ್ಯೂಟರ್ ಬೀರುವಿಗೆ ವಾಪಸ್. ಅಂಗಡಿಯವರು ವಾಲ್ವ್ ಫೋಟೋ ಕಳಿಸಿದರು, ಷಡ್ಭುಜದ ತೂತು ಇದೆ. ಆದರೂ ಅಡಾಪ್ಟರ್ ಆರ್ಡರ್ ಮಾಡಿದ್ದೇನೆ.

ಈಗ ಏರ್‌ಪೋರ್ಟ್ ಬಗ್ಗೆ. ನಮ್ಮ ಎರಡು ಟಾರ್ಚಿಗೆ 18650 ಲಿಥಿಯಂ ಸೆಲ್, ಸ್ಪೇರ್ ಎರಡು ಇವೆ. ಕಟರ್, ಅಲೆನ್ ಕೀ, ಒಂದು ಸಣ್ಣ ಡೈವ್ ಚಾಕು. ಯಾವುದು ಎಲ್ಲಿ?

ಪೀಣ್ಯ ಫಿಟ್ಟರ್:

ಚಾಕು, ಕಟರ್, ಸ್ಪ್ಯಾನರ್, ಅಲೆನ್ ಕೀ ಎಲ್ಲಾ ಚೆಕ್-ಇನ್. ಸ್ಪೇರ್ ಲಿಥಿಯಂ ಸೆಲ್ ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು, ಚೆಕ್-ಇನ್‌ಗೆ ಹಾಕುವ ಹಾಗಿಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆ ಇಲ್ಲ. 18650 ಒಂದಕ್ಕೆ 3.6 ವೋಲ್ಟ್, 3.5 ಆಂಪ್-ಅವರ್ ಅಂದರೂ 13ಕ್ಕಿಂತ ಕಡಿಮೆಯೇ ಬರುತ್ತದೆ. ತುದಿಗಳಿಗೆ ಟೇಪ್ ಸುತ್ತಿ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಕೀ ಗೊಂಚಲಿಗೆ ತಾಗಬಾರದು. ಟಾರ್ಚಿನ ಒಳಗಿರುವ ಸೆಲ್ಲನ್ನೂ ತೆಗೆದು ಜೊತೆಗೇ ಇಡಿ. ಡೈವ್ ಟಾರ್ಚ್ ಬ್ಯಾಗಿನೊಳಗೆ ಅಕಸ್ಮಾತ್ ಉರಿಯತೊಡಗಿದರೆ ತಣ್ಣಗಾಗಿಸಲು ಅಲ್ಲಿ ನೀರಿಲ್ಲ, ಭಯಂಕರ ಬಿಸಿಯಾಗುತ್ತದೆ.

ರೆಗ್ಯುಲೇಟರ್, ಕಂಪ್ಯೂಟರ್, ಪವರ್ ಮಾಸ್ಕ್ ಒಂದು, ಇವು ಕೈಚೀಲಕ್ಕೆ. ಎರಡನೇ ಪವರ್ ಮಾಸ್ಕ್ ಚೆಕ್-ಇನ್ ಬ್ಯಾಗಿಗೆ, ಫಿನ್ಸ್ ಪಾದದ ಗೂಡಿನೊಳಗೆ ತುರುಕಿ. ಎರಡೂ ಮಾಸ್ಕ್ ಒಂದೇ ಬ್ಯಾಗಿನಲ್ಲಿದ್ದರೆ ಸ್ಪೇರ್ ಇಟ್ಟುಕೊಂಡು ಏನು ಪ್ರಯೋಜನ? ಸೆಕ್ಯುರಿಟಿಯಲ್ಲಿ ರೆಗ್ಯುಲೇಟರ್ ನೋಡಿ ಕೇಳುವುದು ಇದ್ದೇ ಇದೆ. ನೀರಿನೊಳಗೆ ಉಸಿರಾಡುವ ಸಾಧನ ಅಂತ ಹೇಳಿ, ಬಾಯಿಗೆ ಹಿಡಿದು ತೋರಿಸಿ.

ಓ-ರಿಂಗ್ ಪೀಣ್ಯದಲ್ಲೇ ಸೀಲ್ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ನಂಬರ್ ಹೇಳಿ, ನೈಟ್ರೈಲ್, ಡಿನ್ ಮೂತಿಗೆ 90 ಶೋರ್ ಗಡಸು ಅಂತ ಕೇಳಿ. ಸುಮ್ನೆ "ಒಂದು ವಾಷರ್ ಕೊಡಿ" ಅಂದರೆ 70 ಶೋರಿನ ಮೆತ್ತನೆಯದು ಕೊಟ್ಟು ಕಳಿಸುತ್ತಾರೆ. ಕೇಬಲ್ ಟೈ ಎಸ್‌ಪಿ ರೋಡಿನಲ್ಲಿ ಕಟ್ಟುಗಟ್ಟಲೆ.

ಜಯನಗರ ಜಲಚರಿ:

ಸಾಮಾನಿನದು ಆಯಿತು, ಕಿವಿಗೊಂದು ಮಾತು. ಡಾಕ್ಟರ್ ಹತ್ತಿರ ಕೇಳಿ ವಾಂತಿ ಮಾತ್ರೆ ಮತ್ತು ಡೈವ್ ಆದ ಮೇಲೆ ಕಿವಿ ಒಣಗಿಸುವ ಹನಿ ಇಟ್ಟುಕೊಳ್ಳಿ. ವಾಂತಿ ಮಾತ್ರೆಯನ್ನು ಮೊದಲು ಮನೆಯಲ್ಲೇ ಒಮ್ಮೆ ತಗೊಂಡು ನೋಡಿ, ಕೆಲವರಿಗೆ ವಿಪರೀತ ನಿದ್ದೆ ಬರುತ್ತದೆ. ಕೂದಲು ಉದ್ದ ಇದ್ದರೆ ಮಾಸ್ಕ್ ಪಟ್ಟಿಗೆ ಬಟ್ಟೆಯ ಕವರ್ ಹಾಕಿ. ಇದನ್ನು ಗಂಡಸರು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ.

ಬಸವನಗುಡಿ ಮೀನು:

ತೂಕ ಹಾಕಿದೆ. ಇಬ್ಬರ ಸ್ಪೇರ್ ಒಟ್ಟು ಸೇರಿಸಿ, ನನ್ನ ಎರಡನೇ ಮಾಸ್ಕ್, ಎರಡು ಅಡಾಪ್ಟರ್ ಮತ್ತು ಟೂಲ್ ಎಲ್ಲಾ ಸೇರಿ ಎರಡು ಕೆಜಿಗೆ ಸ್ವಲ್ಪ ಕಡಿಮೆ. ಟೂಲ್ ವಿಷಯದಲ್ಲಿ ಪೀಣ್ಯದವರ ಮಾತಿಗೇ ಓಟು, ಕ್ಷಮಿಸಿ ಹೊನ್ನಾವರದವರೇ. ಕೊನೆಯ ಪ್ರಶ್ನೆ ನಿಮಗೇ. ವಾಪಸ್ ಫ್ಲೈಟ್ ಬೆಳಿಗ್ಗೆ ಇದೆ. ಹಿಂದಿನ ದಿನ ಬೆಳಿಗ್ಗೆ ಒಂದು ಡೈವ್ ಮಾಡಬಹುದಾ?

ಹೊನ್ನಾವರದ ಹುಡುಗ:

ಓಟು ಹೋದರೆ ಹೋಗಲಿ ಅಕ್ಕ. ಹಲವು ದಿನ ಇಳಿದವರಿಗೆ ಕೊನೆಯ ಡೈವ್ ಮುಗಿದು ಫ್ಲೈಟ್ ಹತ್ತುವ ತನಕ ಕಡಿಮೆ ಅಂದರೂ 18 ಗಂಟೆ ಬೇಕು ಅನ್ನುವುದು ಡೈವರ್‌ಗಳ ಸುರಕ್ಷತೆ ನೋಡುವ ಡಾನ್ ಸಂಸ್ಥೆಯ ಸಲಹೆ. ನಾವು 24 ಹೇಳುತ್ತೇವೆ. ಹಿಂದಿನ ದಿನ ಹೇಗೂ ಫೆರಿ ಹಿಡಿದು ಪೋರ್ಟ್ ಬ್ಲೇರ್‌ಗೆ ಬರಬೇಕು, ಡೈವ್ ಬಿಟ್ಟುಬಿಡಿ. ಆ ಬೆಳಿಗ್ಗೆ ಸಾಮಾನೆಲ್ಲ ಸಿಹಿನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಒದ್ದೆ ಸಾಮಾನು ತುಂಬಿದರೆ ಬ್ಯಾಗ್ 15 ಕೆಜಿ ದಾಟುತ್ತದೆ. ರೆಗ್ಯುಲೇಟರ್ ತೊಳೆಯುವಾಗ ಡಿನ್ ಮೂತಿಗೆ ಮುಚ್ಚಳ ಹಾಕಿರಿ, ಪರ್ಜ್ ಬಟನ್ (ಸೆಕೆಂಡ್ ಸ್ಟೇಜಿನ ಮುಂದಿರುವ ಗುಂಡಿ) ಒತ್ತಬೇಡಿ, ನೀರು ಒಳಗೆ ಹೋಗುತ್ತದೆ.

ಮತ್ತೆ, ನೀವು ಬುಕ್ ಮಾಡಿದ್ದು ಯಾರ ಹತ್ತಿರವೇ ಇರಲಿ, ಬಂದ ದಿನ ಸಂಜೆಯೇ ರೆಗ್ಯುಲೇಟರ್ ತಗೊಂಡು ಅವರ ಅಂಗಡಿಗೆ ಹೋಗಿ. ಸಿಲಿಂಡರಿಗೆ ಹಾಕಿ, ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದಾ ನೋಡಿಕೊಳ್ಳಿ. ಬೆಳಿಗ್ಗೆ ದೋಣಿ ಹೊರಡುವ ಗಡಿಬಿಡಿಯಲ್ಲಿ ಅದಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.